ಬಾಟಲಿಯ ಮೇಲೆ ಬರೆದ ಗಂಟೆ

ಬಿಸಿಲಿಗೆ ಹೆಸರಾದ ಬಳ್ಳಾರಿ ಸೀಮೆಯಲ್ಲಿ, ಹೊಸಪೇಟೆ–ಬಳ್ಳಾರಿ ದಾರಿಯ ಪಾಪಿನಾಯಕನಹಳ್ಳಿಯಂತಹ ಊರುಗಳಲ್ಲಿ, ಲಸಿಕೆ ಹಾಕುವ ದಿನ ಒಂದು ಸಣ್ಣ ಕೆಲಸ ತಪ್ಪದೆ ನಡೆಯಬೇಕು. ದಡಾರ–ರುಬೆಲ್ಲಾ ಲಸಿಕೆಯ ಬಾಟಲಿ ತೆರೆದ ಕೂಡಲೇ ಆರೋಗ್ಯ ಸಹಾಯಕಿ ಅದರ ಮೇಲೆ ವೇಳೆ ಬರೆಯಬೇಕು. ತಾಯಿ ಕಾರ್ಡ್ ಹಿಡಿದು ಕಾಯುವ ತಾಯಂದಿರಲ್ಲಿ ಇದನ್ನು ಗಮನಿಸುವವರು ವಿರಳ. ಆದರೆ ಕೂಸಿನ ಜೀವ ಒಮ್ಮೊಮ್ಮೆ ಆ ಬರಹವನ್ನೇ ಅವಲಂಬಿಸಿರುತ್ತದೆ.

ಈ ಲಸಿಕೆ ಬರುವುದು ಒಣಪುಡಿಯ ರೂಪದಲ್ಲಿ. ಅದರೊಂದಿಗೇ ಬಂದ ದ್ರವವನ್ನು ಬೆರೆಸಿ ಚುಚ್ಚಬೇಕು. ಕೆಡದಂತೆ ಕಾಯುವ ರಾಸಾಯನಿಕ ಇದರಲ್ಲಿಲ್ಲ. ಸೂಜಿಯೊಡನೆ ಒಳಹೊಕ್ಕ ರೋಗಾಣು ಬೆಳೆದು ವಿಷ ಉತ್ಪಾದಿಸಬಲ್ಲದು. ಆದ್ದರಿಂದ ಬೆರೆಸಿದ ಲಸಿಕೆಯ ಆಯುಸ್ಸು ನಾಲ್ಕೇ ಗಂಟೆ, ಅದೂ ತಂಪಿನಲ್ಲಿಟ್ಟರೆ. ಉಳಿದದ್ದನ್ನು ಮರುದಿನಕ್ಕೆ ಎತ್ತಿಡುವಂತಿಲ್ಲ.

ಈ ಶಿಸ್ತು ಎಷ್ಟು ಮುಖ್ಯವೆಂಬುದನ್ನು ಕರ್ನಾಟಕ ದುಬಾರಿ ಬೆಲೆ ತೆತ್ತು ಕಲಿತಿದೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಈ ಲಸಿಕೆ ಪಡೆದ ಮೂರು ಶಿಶುಗಳು ಕೆಲವೇ ದಿನಗಳಲ್ಲಿ ಸಾವನ್ನಪ್ಪಿದವು. ಲಸಿಕೆಯನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಡಲಾಗಿತ್ತೆಂಬ ಆರೋಪ ಆಗ ಕೇಳಿಬಂತು. ಇಬ್ಬರು ಸಿಬ್ಬಂದಿ ಅಮಾನತುಗೊಂಡರು.

ಇಂತಹ ದುರಂತಗಳು ಬೇರೆಡೆಯೂ ನಡೆದಿವೆ. 2017ರಲ್ಲಿ ದಕ್ಷಿಣ ಸುಡಾನಿನ ಹಳ್ಳಿಯೊಂದರಲ್ಲಿ ಲಸಿಕೆಯನ್ನು ತಂಪಿನಲ್ಲಿಡದೆ, ನಾಲ್ಕು ದಿನ ಒಂದೇ ಸಿರಿಂಜು ಬಳಸಿದ್ದರಿಂದ 15 ಮಕ್ಕಳು ತೀರಿಕೊಂಡರು. 2014ರಲ್ಲಿ ಸಿರಿಯಾದ ಇದ್ಲಿಬ್‌ನಲ್ಲಿ ಬೆರೆಸುವ ದ್ರವದ ಬದಲು ಸ್ನಾಯು ಸಡಿಲಿಸುವ ಔಷಧಿ ಬೆರೆತು ಮಕ್ಕಳು ಸತ್ತರು. ಅಲ್ಲೆಲ್ಲ ಮಕ್ಕಳನ್ನು ಕೊಂದದ್ದು ಲಸಿಕೆಯಲ್ಲ, ಅದನ್ನು ಇಟ್ಟ, ಬೆರೆಸಿದ, ಚುಚ್ಚಿದ ರೀತಿ.

ಲಸಿಕೆಯನ್ನು ಕೆಡದಂತೆ ಒಯ್ಯುವ ಸಮಸ್ಯೆ ಲಸಿಕೆಯಷ್ಟೇ ಹಳೆಯದು. 1802ರಲ್ಲಿ ಭಾರತದಲ್ಲಿ ಸಿಡುಬಿನ ಮೊದಲ ಲಸಿಕೆ ಪಡೆದದ್ದು ಮುಂಬಯಿಯ ಮೂರು ವರ್ಷದ ಮಗು. ಆಗ ಮಂಜುಗಡ್ಡೆಯ ಪೆಟ್ಟಿಗೆ ಎಲ್ಲಿತ್ತು? ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದರ ತೋಳಿಗೆ ಹಾಕುತ್ತ ಊರಿಂದೂರಿಗೆ ಸಾಗಿಸುತ್ತಿದ್ದರು. ರಸದೊಡನೆ ಒಬ್ಬರ ರೋಗ ಇನ್ನೊಬ್ಬರಿಗೆ ಅಂಟುವ ಅಪಾಯವೂ ಇತ್ತು.

ಇಂದು ಉಪಾಯಗಳಿವೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಲಾಗುತ್ತದೆ. ಒಮ್ಮೆ ಬಳಸಿದರೆ ತಾನಾಗಿಯೇ ಬಿಗಿದುಕೊಳ್ಳುವ ಸಿರಿಂಜು ಬಂದಿದೆ. ಬಾಟಲಿಯ ಮೇಲಿನ ವೃತ್ತದೊಳಗೆ ಚಿಕ್ಕದೊಂದು ಚೌಕವಿದೆ. ಲಸಿಕೆಗೆ ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಸಮನಾದರೆ ಆ ಬಾಟಲಿ ನಿರುಪಯುಕ್ತ. ಆದರೆ ದಡಾರ ಲಸಿಕೆಯಲ್ಲಿ ಈ ಗುರುತು ಇರುವುದು ಮುಚ್ಚಳದ ಮೇಲೆ. ಮುಚ್ಚಳ ತೆಗೆದ ಬಳಿಕ ಕಾವಲಿಗೆ ಉಳಿಯುವುದು ಸಹಾಯಕಿಯ ಕೈಬರಹ ಮಾತ್ರ.

ಅವಳ ಇಕ್ಕಟ್ಟೂ ಸಣ್ಣದಲ್ಲ. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಲಸಿಕೆ ಇರುತ್ತದೆ. ಬಂದದ್ದು ಒಂದೇ ಮಗುವಾದರೂ ಬಾಟಲಿ ತೆರೆಯಬೇಕು, ಉಳಿದದ್ದು ವ್ಯರ್ಥವಾದರೂ ಚಿಂತಿಸಬಾರದು ಎನ್ನುತ್ತದೆ ನಿಯಮ. ‘ದಂಡವಾಯಿತು’ ಎಂದು ಮೇಲಿನವರು ಗದರಿದರೆ ಮುಂದಿನ ಸಲ ಅವಳ ಕೈ ಹಿಂಜರಿಯಬಹುದು. ತಂಪು ಪೆಟ್ಟಿಗೆ ಹೊತ್ತು ಊರೂರು ಸುತ್ತುವ ಅವಳೊಬ್ಬಳ ಎಚ್ಚರದ ಮೇಲೆ ಎಲ್ಲ ಭಾರ ಹೊರಿಸಿ, ತಪ್ಪಾದಾಗ ಅವಳನ್ನಷ್ಟೇ ಅಮಾನತು ಮಾಡಿದರೆ ಮುಂದಿನ ಮಗುವಿಗೆ ರಕ್ಷಣೆ ದೊರೆತಂತಾಗುವುದಿಲ್ಲ.

ಇಂತಹ ಸುದ್ದಿ ಕೇಳಿ ಲಸಿಕೆಯನ್ನೇ ಬಿಡುವುದು ಇನ್ನೂ ದೊಡ್ಡ ಅಪಾಯ. ದಡಾರ ಇಂದಿಗೂ ಮಕ್ಕಳನ್ನು ಕೊಲ್ಲುವ ರೋಗ. ಅದರ ಬದಲು ಎರಡು ಕೆಲಸಗಳನ್ನು ತಾಯಂದಿರು ಮಾಡಬಹುದು. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರುವುದು ಒಂದು. ‘ಬಾಟ್ಲಿ ಯಾವಾಗ ಒಡೆದಿದ್ದು, ಸಿಸ್ಟರ್?’ ಎಂದು ಕೇಳುವುದು ಇನ್ನೊಂದು. ಈ ಪ್ರಶ್ನೆಗೆ ಸಿಡುಕದೆ ಬಾಟಲಿ ತಿರುಗಿಸಿ ತೋರಿಸುವ ಸಹಾಯಕಿ ಇರುವ ಊರಿನಲ್ಲಿ ಮಕ್ಕಳು ಸುರಕ್ಷಿತ.