ಗೋಬರ್ ಗ್ಯಾಸ್ ಇದೆಯೋ ಇಲ್ಲವೋ, ತಿಳಿಯುವುದು ಹೇಗೆ?

ಕಡೂರಿನ ಕಡೆ ರಾಗಿ, ತೆಂಗು. ತರೀಕೆರೆಯ ಕಡೆ ಅಡಿಕೆ. ಅಜ್ಜಂಪುರ ಅಂದರೆ ಈರುಳ್ಳಿ, ಅಮೃತಮಹಲ್ ದನ. ಬೆಳೆ ಬೇರೆಯಾದರೂ ಕೊಟ್ಟಿಗೆಯ ಸಗಣಿ ಎಲ್ಲ ಕಡೆಗೂ ಒಂದೇ. ಅದರಿಂದ ಮನೆಗೆ ಗ್ಯಾಸ್ ಮಾಡಿಕೊಳ್ಳಬಹುದು ಅನ್ನೋದು ನಿಮಗೆ ಗೊತ್ತಿರುವ ಮಾತೇ. ಆದರೂ ಗೋಬರ್ ಗ್ಯಾಸ್ ಕಟ್ಟಿಸಿ, ನಾಲ್ಕು ದಿನ ಉರಿಸಿ, ಕೈಬಿಟ್ಟ ಮನೆಗಳುಂಟು. ಯಾಕೆ?

ಕರೆಂಟು ಹೋದರೆ ಲೈನ್‌ಮನ್‌ಗೆ ಹೇಳ್ತೀವಿ. ಸಿಲಿಂಡರ್ ಮುಗಿದರೆ ಇನ್ನೊಂದು ತರಿಸ್ತೀವಿ. ಹಿತ್ತಿಲಲ್ಲೇ ಹುಟ್ಟುವ ಗ್ಯಾಸಿಗೆ ಯಜಮಾನರೂ ನಾವೇ, ಲೈನ್‌ಮನ್ನೂ ನಾವೇ. ಹಾಗಾಗಿ ಒಳಗೆ ಏನು ನಡೀತಿದೆ ಅನ್ನೋದು ಅಡಿಗೆ ಮಾಡುವವರ ಕಣ್ಣಿಗೆ ಕಾಣಬೇಕು.

1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹಬ್ಬಿಸಿದ ಮಾದರಿಯಲ್ಲಿ ತೇಲುವ ಕಬ್ಬಿಣದ ಡ್ರಮ್ಮು ಇತ್ತು. ಗ್ಯಾಸ್ ತುಂಬಿದರೆ ಅದು ಏಳುತ್ತದೆ, ಉರಿಸಿದರೆ ಇಳಿಯುತ್ತದೆ. ಓದು ಬಾರದವರಿಗೂ ಲೆಕ್ಕ ಸಿಗುತ್ತದೆ. ಆದರೆ ಡ್ರಮ್ಮಿಗೆ ತುಕ್ಕಿನ ಕಾಟ, ಖರ್ಚೂ ಹೆಚ್ಚು. 1984ರಲ್ಲಿ ಬಂದ ದೀನಬಂಧು ಮಾದರಿ ಇಟ್ಟಿಗೆಯ ಗುಮ್ಮಟ, ಖರ್ಚು ಕಡಿಮೆ. ಆದರೆ ಎಲ್ಲವೂ ಮಣ್ಣಿನೊಳಗೆ! ಆದ್ದರಿಂದ ನಾಲ್ಕು ಗುರುತುಗಳನ್ನು ನೆನಪಿಡಿ.

ಒಂದು: ಒಲೆಯ ಬಳಿ, ಕಣ್ಣಿನ ಎತ್ತರಕ್ಕೆ, ನೀರು ತುಂಬಿದ ಲಾಳದಾಕಾರದ ಕೊಳವೆ ಹಾಕಿಸಿ. ಗ್ಯಾಸಿನ ಒತ್ತಡ ಹೆಚ್ಚಿದಷ್ಟೂ ಅದರ ಒಂದು ಬದಿಯಲ್ಲಿ ನೀರು ಏರುತ್ತದೆ. ಹಿತ್ತಿಲಲ್ಲಿ ಹೊರತೊಟ್ಟಿಯ ಬಗ್ಗಡ ಏರಿದ್ದರೂ ಗ್ಯಾಸ್ ಇದೆ ಅಂತಲೇ ಅರ್ಥ. ಆ ತೊಟ್ಟಿಗೆ ಚಪ್ಪಡಿ ಮುಚ್ಚಿರಬೇಕು, ಮಕ್ಕಳಿದ್ದಾರೆ, ಕರುಗಳಿವೆ.

ಎರಡು: ಗ್ಯಾಸಿನ ನಲ್ಲಿಯ ಹಿಡಿ ಕೊಳವೆಯ ನೇರಕ್ಕಿದ್ದರೆ ತೆರೆದಿರಬೇಕು, ಅಡ್ಡಕ್ಕಿದ್ದರೆ ಮುಚ್ಚಿರಬೇಕು. ಕತ್ತಲಲ್ಲೂ ಮುಟ್ಟಿ ತಿಳೀಬಹುದು.

ಮೂರು: ಸಗಣಿ ಕಲಸುವ ತೊಟ್ಟಿಯೊಳಗೆ ಎರಡು ಗೆರೆ ಎಳೆಸಿ, ಸಗಣಿಗೊಂದು, ನೀರಿಗೊಂದು. ಸಗಣಿ ಎಷ್ಟೋ ನೀರೂ ಅಷ್ಟೇ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ನಾಲ್ಕೈದು ದನ. ಕಾವಲಿನಲ್ಲಿ ಬಿದ್ದ ಸಗಣಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಯಲು ಸೀಮೆಯವರು ಬೇಸಗೆಯ ನೀರನ್ನೂ ಮೊದಲೇ ಯೋಚಿಸಿ.

ನಾಲ್ಕು: ಉರಿಯ ಬಣ್ಣ. ನೀಲಿ ಉರಿದರೆ ಸರಿ. ಹಳದಿ ಉರಿದರೆ ಒಲೆಯ ಗಾಳಿಕಿಂಡಿ ತೆರೆದು, ಬರ್ನರ್ ಶುಚಿ ಮಾಡಿ. ಉರಿ ಕುಣಿದರೆ ಕೊಳವೆಯಲ್ಲಿ ನೀರು ನಿಂತಿದೆ, ಬಸಿಯಿರಿ. ವಾಸನೆ ಬಂದರೆ ನಲ್ಲಿ ಮುಚ್ಚಿ, ಕಿಟಕಿ ತೆರೆಯಿರಿ. ಸೋರುವ ಜಾಗವನ್ನು ಸೋಪಿನ ನೊರೆಯಿಂದ ಹುಡುಕಬೇಕು, ಬೆಂಕಿಕಡ್ಡಿಯಿಂದ ಬೇಡವೇ ಬೇಡ.

ಇನ್ನೊಂದು ಮಾತು. ಮೊದಲ ಸಲ ತುಂಬಿದ ಮೇಲೆ ಕೆಲವು ವಾರ ಕಾಯಬೇಕು. ಮೊದಮೊದಲು ಬರುವ ಗ್ಯಾಸ್ ಹೊತ್ತಿಕೊಳ್ಳುವುದಿಲ್ಲ. ಅದನ್ನು ಬಯಲಿಗೆ ಬಿಡಿ. ಹತ್ತಿರ ಬೆಂಕಿ ಇರಕೂಡದು. "ಕೆಟ್ಟುಹೋಯ್ತು" ಅಂತ ಅನೇಕರು ಸೋಲುವುದು ಇಲ್ಲೇ.

ಕಟ್ಟಿಸುವ ಮೊದಲು ಗೋಬರ್ ಗ್ಯಾಸ್ ಇರುವ ನೆರೆಮನೆಗೆ ಹೋಗಿ. ಯಜಮಾನರೊಬ್ಬರೇ ಹೋದರೆ ಸಾಲದು. ಒಲೆ ಮುಂದೆ ನಿಲ್ಲುವವರೂ ಹೋಗಲಿ, ತಮ್ಮ ಕೈಯಾರೆ ಹೊತ್ತಿಸಿ ನೋಡಲಿ. ಅವರಿಗೆ ಒಪ್ಪಿಗೆಯಾದರೆ ಗ್ಯಾಸ್ ಮನೆಯಲ್ಲಿ ನಿಲ್ಲುತ್ತದೆ. ಬಗ್ಗಡ ತೋಟಕ್ಕೆ ಗೊಬ್ಬರವಾಗುತ್ತದೆ.