ಫಿಸಿಕ್ಸ್ ಸೈಕಲ್‌ನವರಿಗೊಂದು ಗೆಸ್ಟ್ ಲೆಕ್ಚರ್

ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತೆಂದು ಬೀದಿಗೆಲ್ಲ ಸಿಹಿ ಹಂಚಿ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಎದುರಾಗುವುದು ಪಿಯುಸಿಯ ಹಳೆಯ ನೆಂಟರೇ: ಗಣಿತ, ಜೊತೆಗೆ ಭೌತವಿಜ್ಞಾನ ಇಲ್ಲವೇ ರಸಾಯನ ವಿಜ್ಞಾನ. ವಿಟಿಯು ಕಾಲೇಜುಗಳಲ್ಲಿ ಅರ್ಧ ಮಂದಿ ಫಿಸಿಕ್ಸ್ ಸೈಕಲ್, ಉಳಿದರ್ಧ ಕೆಮಿಸ್ಟ್ರಿ ಸೈಕಲ್. ಮುಂದಿನ ಸೆಮಿಸ್ಟರಿಗೆ ಅದಲುಬದಲು. ಸೇರಿದ ಬ್ರಾಂಚಿನ ರುಚಿ ಸರಿಯಾಗಿ ಹತ್ತುವುದು ಎರಡನೇ ವರ್ಷಕ್ಕೆ. ಅಲ್ಲಿಯತನಕ ಹೊರಗಿನ ಗಾಳಿ ಬೀಸುವುದು ಹೆಚ್ಚಾಗಿ ಗೆಸ್ಟ್ ಲೆಕ್ಚರುಗಳಿಂದ.

ಇದಕ್ಕೊಂದು ಹಿನ್ನೆಲೆಯಿದೆ. ಐಐಟಿ ಗಾಂಧಿನಗರ 2011ರಲ್ಲಿ ಹೊಸಬರಿಗಾಗಿ ಐದು ವಾರಗಳ ಫೌಂಡೇಷನ್ ಪ್ರೋಗ್ರಾಂ ಆರಂಭಿಸಿತು. ಅದು ಮುಗಿಯುವವರೆಗೆ ಪಾಠವಿಲ್ಲ; ಆಟ, ಕಲೆ, ಕಾರ್ಯಾಗಾರ, ಹೊರಗಿನಿಂದ ಬಂದವರ ಮಾತು. ಅಂಥ ಪ್ರಯೋಗಗಳನ್ನು ನೋಡಿಕೊಂಡೇ ಎಐಸಿಟಿಇ ದೇಶದ ತಾಂತ್ರಿಕ ಕಾಲೇಜುಗಳಿಗೆ ಮೂರು ವಾರಗಳ ಇಂಡಕ್ಷನ್ ರೂಪಿಸಿ, ಸಾಧಕರ ಉಪನ್ಯಾಸವನ್ನೂ ಬ್ರಾಂಚಿನ ಪರಿಚಯವನ್ನೂ ಅದರಲ್ಲಿ ಸೇರಿಸಿತು. ವಿಟಿಯುವಿನ 2022ರ ಸ್ಕೀಮಿನಲ್ಲಿ ಐಒಟಿ, ಸೈಬರ್ ಸೆಕ್ಯುರಿಟಿಯ ಪರಿಚಯ ಮೊದಲ ವರ್ಷಕ್ಕೇ ಇಳಿದ ಮೇಲಂತೂ ಆ ವಿಷಯ ಬಲ್ಲ ಅತಿಥಿಗಳಿಗೆ ಬೇಡಿಕೆ ಹೆಚ್ಚು.

ಬೇಡಿಕೆ ಇದ್ದ ಮಾತ್ರಕ್ಕೆ ಸಮಯ ಸಿಗಬೇಕಲ್ಲ! ಪ್ರಾರ್ಥನೆ, ಸ್ವಾಗತ, ದೀಪ, ಹೂಗುಚ್ಛ, ಎರಡು ಪುಟದ ಅತಿಥಿ ಪರಿಚಯ, ಪ್ರಿನ್ಸಿಪಾಲರ ಎರಡು ಮಾತು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನವರು ಮೊಬೈಲಿಗೆ ಜಾರಿರುತ್ತಾರೆ. ಹಾಜರಿ ಕೊಡುತ್ತಾರೆಂದೇ ಕೂತವರು ಅವರು. ಅತಿಥಿ ದೊಡ್ಡ ಹುದ್ದೆಯವರಾದರೆ ಏರಿದ ಮೆಟ್ಟಿಲುಗಳ ಕಥೆ ಹೇಳಿ, ಎಐ, ಬ್ಲಾಕ್‌ಚೈನ್, ಕ್ವಾಂಟಂ ಎಂದು ಸ್ಲೈಡ್ ಓಡಿಸಿ, ‘ಪ್ಯಾಷನ್ ಹಿಂಬಾಲಿಸಿ’ ಎಂದು ಶಾಲು ಹೊದ್ದು ಹೊರಡುತ್ತಾರೆ. ನನ್ನನ್ನು ಕೇಳಿದರೆ, ಅದೇ ಕಾಲೇಜಿನಲ್ಲಿ ಓದಿ, ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷವಾದವರನ್ನೇ ಕರೆಸಬೇಕು. ಅವರಿಗೆ ನಿನ್ನೆಯ ಕೆಲಸ ನೆನಪಿರುತ್ತದೆ.

ಅಂಥವರೊಬ್ಬರ ಪಟ್ಟು ಹೀಗಿತ್ತು. ಸ್ಲೈಡ್ ಇಲ್ಲ. ಪರದೆಯ ಮೇಲೆ ‘ಕನ್ನಡ’ ಎಂದು ಟೈಪಿಸಿ, ಎಷ್ಟು ಅಕ್ಷರ ಎಂದರು. ಮೂರು ಎಂದಿತು ಸಭೆ. ಪೈಥಾನ್‌ನ ಲೆನ್ ಐದು ಎಂದಿತು. ಸಿ ಭಾಷೆಯ ಸ್ಟ್ರ್‌ಲೆನ್ ಹದಿನೈದು ಎಂದಾಗ ಮೊಬೈಲುಗಳು ಕೆಳಗಿಳಿದವು. ಬಿಡಿಸಿ ತೋರಿಸಿದರು: ಒತ್ತಕ್ಷರದ ‘ನ್ನ’ ಯೂನಿಕೋಡ್‌ನಲ್ಲಿ ಒಂದಲ್ಲ, ನ, ಹಲಂತ ಚಿಹ್ನೆ, ಮತ್ತೆ ನ ಎಂಬ ಮೂರು ಸಂಕೇತ, ಆಚೀಚೆಯ ಕ, ಡ ಸೇರಿ ಐದು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್. ಅದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಏಳೇ ಬೈಟ್.

ಅಲ್ಲಿಂದಲೇ ಉದ್ಯೋಗಗಳ ಮಾತು ಹೊರಟಿತು. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160ರ ಮಿತಿಯಾದರೆ ಯೂನಿಕೋಡ್ ಕನ್ನಡಕ್ಕೆ 70. ಬ್ಯಾಂಕಿನ ಸಂದೇಶ ನಡುವೆ ತುಂಡಾದರೆ ಹಿಡಿಯಬೇಕಾದವರು ಟೆಸ್ಟರ್. ಹೆಸರಿನ ಕಾಲಂ ಇಪ್ಪತ್ತೇ ಬೈಟ್ ಇಟ್ಟು ಕೈ ತೊಳೆದುಕೊಂಡವರು ಡೇಟಾಬೇಸ್‌ನವರು. ಹಲವು ಭಾಷಾ ಮಾದರಿಗಳು ಕನ್ನಡದ ಪದವನ್ನು ಇಂಗ್ಲಿಷಿಗಿಂತ ಹೆಚ್ಚು ಟೋಕನ್‌ಗಳಾಗಿ ಕತ್ತರಿಸುತ್ತವೆ, ಟೋಕನ್ ಲೆಕ್ಕದಲ್ಲಿ ದುಡ್ಡು ಕಟ್ಟುವ ಕಂಪನಿಗೆ ಖರ್ಚು ಏರುತ್ತದೆ. ಅದನ್ನು ತಗ್ಗಿಸುವುದು ಮಷಿನ್ ಲರ್ನಿಂಗ್ ಎಂಜಿನಿಯರಿನ ಪಾಡು. ಡೆವಲಪರ್ ಎಂಬ ಒಂದೇ ಕೆಲಸವನ್ನು ಕೇಳಿ ಬಂದಿದ್ದವರಿಗೆ ಒಂದು ಪದದೊಳಗೇ ನಾಲ್ಕಾರು ಕೆಲಸ ಕಂಡವು. ಸಿ ಪಾಠದ ಸ್ಟ್ರಿಂಗ್ ಅಧ್ಯಾಯಕ್ಕೂ ಗೌರವ ಬಂತು.

ಪ್ರಶ್ನೆಗಳಂತೂ ಎಲ್ಲ ಕಡೆಯೂ ಅವೇ. ಪ್ಯಾಕೇಜ್ ಎಷ್ಟು, ಎಐ ಬಂದ ಮೇಲೆ ಕೋಡಿಂಗ್ ಯಾಕೆ, ಯಾವ ಭಾಷೆ ಮೊದಲು ಕಲಿಯಬೇಕು. ಮೈಕ್ ಹಿಡಿಯುವವರು ಮುಂದಿನ ಸಾಲಿನ ಐದಾರು ಜನ. ಇಂಗ್ಲಿಷಿನಲ್ಲಿ ಎದ್ದು ಕೇಳಲು ಹಿಂಜರಿಯುವವರು ಸುಮ್ಮನಿರುತ್ತಾರೆ. ಆ ದಿನ ಚೀಟಿಯಲ್ಲಿ, ಕನ್ನಡದಲ್ಲೂ ಬರೆಯಬಹುದು ಎಂದದ್ದೇ ತಡ, ಡಬ್ಬಿ ತುಂಬಿತು. ಬಸ್ಸಿನ ಹೊತ್ತಾಗಿತ್ತು. ಉಳಿದ ಚೀಟಿಗಳನ್ನು ಅತಿಥಿ ಬ್ಯಾಗಿಗೆ ಹಾಕಿಕೊಂಡರು. ಉತ್ತರಗಳು ಮುಂದಿನ ವಾರ ವಿಭಾಗದ ನೋಟಿಸ್ ಬೋರ್ಡಿಗೆ ಬಂದವು, ಇಂಟರ್ನಲ್ಸ್ ವೇಳಾಪಟ್ಟಿಯ ಪಕ್ಕದಲ್ಲೇ.