ಮೊಲದ ಕಣ್ಣು, ಶಾಂಪೂವಿನ ಹನಿ

1930ರ ದಶಕದಲ್ಲಿ ಅಮೆರಿಕದ ಕೆಲವು ಮಹಿಳೆಯರ ಕಣ್ಣು ಹೋದದ್ದು 'ಲ್ಯಾಶ್ ಲ್ಯೂರ್' ಎಂಬ ರೆಪ್ಪೆಬಣ್ಣದಿಂದ. ಅದರ ಗದ್ದಲದ ನಡುವೆ 1938ರಲ್ಲಿ ಸೌಂದರ್ಯವರ್ಧಕಗಳೂ ಕಾನೂನಿನ ಹಿಡಿತಕ್ಕೆ ಬಂದವು. ಆದರೆ ಯಾವ ವಸ್ತು ಕಣ್ಣಿಗೆ ಅಪಾಯ ಎಂದು ಮೊದಲೇ ತಿಳಿಯುವುದು ಹೇಗೆ? 1944ರಲ್ಲಿ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಸಂಗಡಿಗರು ಮೊಲವನ್ನು ಮುಂದಿಟ್ಟರು. ಒಂದು ಕಣ್ಣಿನ ಕೆಳರೆಪ್ಪೆಯೊಳಗೆ ರಾಸಾಯನಿಕ, ಹೋಲಿಕೆಗೆ ಇನ್ನೊಂದು ಕಣ್ಣು. ಆಮೇಲೆ ದಿನಗಟ್ಟಲೆ ಕೆಂಪು, ಊತ, ಮಬ್ಬಿಗೆ ಅಂಕ ಹಾಕುವುದು.

ಮೊಲ ಸಾಧು, ಅಗ್ಗ, ಕಣ್ಣೂ ದೊಡ್ಡದು. ಆದರೆ ಅದಕ್ಕೆ ಮೂರನೆಯ ರೆಪ್ಪೆಯಿದೆ, ಕಣ್ಣು ಮಿಟುಕಿಸುವುದೂ ನಮಗಿಂತ ಕಡಿಮೆ. ಸಾಲದೆಂಬಂತೆ, ಒಂದೇ ವಸ್ತುವಿಗೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಅಂಕ ಕೊಡುತ್ತವೆಂದು 1971ರಲ್ಲಿ ವೈಲ್ ಮತ್ತು ಸ್ಕಾಲಾ ತೋರಿಸಿದರು. ಕ್ರೌರ್ಯದ ಮಾತು ಹಾಗಿರಲಿ, ಅಳತೆಗೋಲೇ ನೆಟ್ಟಗಿರಲಿಲ್ಲ.

ವಿಜ್ಞಾನಿಗಳ ಈ ತಕರಾರು ಬೀದಿಗೆ ಬಂದದ್ದು 1980ರಲ್ಲಿ. ಸೌಂದರ್ಯಕ್ಕಾಗಿ ಎಷ್ಟು ಮೊಲಗಳನ್ನು ಕುರುಡಾಗಿಸುತ್ತೀರಿ ಎಂದು ರೆವ್ಲಾನ್ ಕಂಪನಿಯನ್ನು ಕೇಳುವ ಇಡೀ ಪುಟದ ಜಾಹೀರಾತನ್ನು ಪ್ರಾಣಿಹಕ್ಕುಗಳ ಹೋರಾಟಗಾರ ಹೆನ್ರಿ ಸ್ಪೈರಾ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಹಾಕಿಸಿದರು. ಅದೇ ವರ್ಷ ರೆವ್ಲಾನ್ ಪರ್ಯಾಯಗಳ ಸಂಶೋಧನೆಗೆ 7.5 ಲಕ್ಷ ಡಾಲರ್ ಘೋಷಿಸಿತು.

ಪರ್ಯಾಯ ಸಿಕ್ಕಿದ ಜಾಗವೊಂದು ವಿಚಿತ್ರ: ಕಸಾಯಿಖಾನೆ. ಮಾಂಸಕ್ಕಾಗಿ ಕೊಂದ ದನದ ಕಣ್ಣಿನಿಂದ ಪಾರದರ್ಶಕ ಕಾರ್ನಿಯಾವನ್ನು ಬಿಡಿಸಿ, ಪುಟ್ಟ ಹಿಡಿಕೆಯಲ್ಲಿ ಕೂರಿಸಿ, ಮೇಲೆ ರಾಸಾಯನಿಕ ಸುರಿಯುತ್ತಾರೆ. ಎಷ್ಟು ಬೆಳಕು ಹಾಯುತ್ತದೆ? ಫ್ಲೋರೆಸೀನ್ ಬಣ್ಣ ಎಷ್ಟು ಸೋರುತ್ತದೆ? ಈ ಎರಡೂ ಸೇರಿ ಹಾನಿಯ ಲೆಕ್ಕ. ಅಭಿವೃದ್ಧಿ ಹೊಂದಿದ ದೇಶಗಳ ಒಕ್ಕೂಟವಾದ ಒಇಸಿಡಿ 2009ರಲ್ಲಿ ಇದನ್ನು ಒಪ್ಪಿತು. ಕೋಳಿಯ ಕಣ್ಣಿನ ಪರೀಕ್ಷೆಗೂ ಆಗಲೇ ಮುದ್ರೆ ಬಿತ್ತು. 2015ರಲ್ಲಿ ಮಾನವ ಕೋಶಗಳನ್ನು ಪದರಪದರವಾಗಿ ಬೆಳೆಸಿದ ಅಂಗಾಂಶದ ಸರದಿ. ಅಲ್ಲಿ ನೋಡುವುದು ಒಂದನ್ನೇ: ಎಷ್ಟು ಕೋಶಗಳು ಬದುಕಿ ಉಳಿದವು?

ದನದ ಕಾರ್ನಿಯಾ ತೀವ್ರ ಹಾನಿಕಾರಕಗಳನ್ನು ಹಿಡಿಯುತ್ತದೆ, ಬೆಳೆಸಿದ ಅಂಗಾಂಶ ನಿರಪಾಯವಾದವನ್ನು ಬೇರ್ಪಡಿಸುತ್ತದೆ. ತೊಡಕಿರುವುದು ನಡುವಿನ ಸಾಧಾರಣ ಉರಿಯಲ್ಲಿ. ಅದಕ್ಕೆಂದೇ ಹಲವು ಪರೀಕ್ಷೆಗಳನ್ನು ಜೋಡಿಸಿ ನಿರ್ಧರಿಸುವ ಕ್ರಮವನ್ನು ಒಇಸಿಡಿ 2022ರಲ್ಲಿ ತಂದಿತು.

ಭಾರತ 2014ರಲ್ಲಿ ಸೌಂದರ್ಯವರ್ಧಕಗಳ ಪ್ರಾಣಿಪರೀಕ್ಷೆಯನ್ನು ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಸರಕಿನ ಆಮದಿಗೂ ಅದೇ ವರ್ಷ ತಡೆ ಬಿತ್ತು. ಕೀಟನಾಶಕ, ಕೈಗಾರಿಕಾ ರಾಸಾಯನಿಕಗಳು ಆ ನಿಯಮದ ಹೊರಗೆ. ಒಇಸಿಡಿ ಪಟ್ಟಿಯಿಂದಲೂ ಮೊಲದ ಪರೀಕ್ಷೆ ಹೋಗಿಲ್ಲ. ಕಡೆಯ ಆಯ್ಕೆಯಾಗಿ ಉಳಿದಿದೆ. 2012ರ ತಿದ್ದುಪಡಿಯ ನಂತರ ಮೊಲಕ್ಕೆ ಮೊದಲು ನೋವು ನಿವಾರಕವನ್ನೂ ಕಣ್ಣಿಗೆ ಅರಿವಳಿಕೆಯ ಹನಿಯನ್ನೂ ಕೊಡಬೇಕು.